ಬೆನ್ನುಮೂಳೆಯ ಭಾಷಣ

21 ಜನವರಿ 2024, ಭಾನುವಾರ. ಸಾಗರ, ಸಂಜೆ 7

ಮಹಾಸಭೆಯೇ! ಮುಂದಿನ ಸಾಲಿನ ಗಣ್ಯರೇ, ಹಿಂದೆ ಗೋಡೆಗೆ ಒರಗಿದ ಮಹನೀಯರೇ, ಜಾಗ ಸಿಗದೆ ಕಿಟಕಿ ಹತ್ತಿದ ಅಭಿಮಾನಿಗಳೇ! ಕಿವಿಗೊಟ್ಟು ಕೇಳಿ!

ಯಾರೂ ಇಲ್ಲ. ನಾನು, ಡೈರಿ, ಒಂದು ಲೋಟ ಬಿಸಿ ಉಪ್ಪುನೀರು. ಗಂಟಲು ಕಟ್ಟಿದೆ. ಆದರೂ ಹೀಗೆ ಶುರು ಮಾಡದಿದ್ದರೆ ಪೆನ್ನು ಓಡುವುದಿಲ್ಲ. ಅಪ್ಪ ನಾಟಕದ ಮೇಷ್ಟ್ರು. ನಾನು ಶಾಲೆಗಿಂತ ಮೊದಲು ಪರದೆ ಕಂಡವನು. ಡಾಕ್ಟರಾದೆ, ಸಂಶೋಧಕನಾದೆ, ರಿಟೈರ್ ಆದೆ — ದನಿ ಮಾತ್ರ ಇನ್ನೂ ಸರ್ವಿಸಿನಲ್ಲಿದೆ.

ಇವತ್ತಿನ ತೀರ್ಥಹಳ್ಳಿ ಕ್ಯಾಂಪ್ ಭರ್ಜರಿ. ರಕ್ತದ ಕ್ಯಾನ್ಸರ್ ಆದವರಿಗೆ ಸ್ಟೆಮ್ ಸೆಲ್ — ಮೂಳೆಯ ಮಜ್ಜೆಯಲ್ಲಿದ್ದು ರಕ್ತ ಹುಟ್ಟಿಸುವ ಕೋಶ — ಕೊಡಲು ಸಿದ್ಧರಿರುವವರ ಹೆಸರು ರಿಜಿಸ್ಟ್ರಿಗೆ ಸೇರಿಸುವ ಕೆಲಸ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕೊಟ್ಟರೆ ಸಾಕು. ಆದರೆ ಬಂದವರಲ್ಲಿ ಅರ್ಧ ಜನರ ಬಾಯಲ್ಲಿ ಎಲೆಅಡಿಕೆ ಕವಳ! ಕಡ್ಡಿಯೆಲ್ಲ ಕೆಂಪು. ನಮ್ಮ ಕೋಆರ್ಡಿನೇಟರ್ ಸುಪ್ರಿಯಾ ಕೂಗಿದ್ದೇ ಕೂಗಿದ್ದು — "ಉಗೀರಿ, ಬಾಯಿ ತೊಳೀರಿ, ಅರ್ಧ ಗಂಟೆ ಏನೂ ಹಾಕ್ಬೇಡಿ!"

"ಅರ್ಧ ಗಂಟೆನಾ? ಅದ್ಕಿಂತ ಒಂದ್ ಬಾಟ್ಲಿ ರಕ್ತನೇ ತಗಳಿ ಮೇಡಮ್" ಎಂದ ಒಬ್ಬ.

ಆ ಅರ್ಧ ಗಂಟೆ ಜನ ಚದುರಬಾರದಲ್ಲ — ಮೈಕ್ ಹಿಡಿದೆ. ಇಂದ್ರ ಕೇಳಿದನೆಂದು ವಜ್ರಾಯುಧಕ್ಕೆ ತನ್ನ ಬೆನ್ನುಮೂಳೆಯನ್ನೇ ಕೊಟ್ಟ ಋಷಿಯ ಪಾತ್ರ! "ಕೊಂಡೊಯ್ಯಿ ದೇವೇಂದ್ರಾ! ಈ ಎಲುಬು ಇನ್ನೊಬ್ಬರ ಉಸಿರಾಗಲಿ!" ಎಂದು ವೇದಿಕೆಯ ಮೇಲೆ ಧೊಪ್ಪನೆ ಬಿದ್ದು ಪ್ರಾಣ ಬಿಟ್ಟೆ. ಶಿಳ್ಳೆ. ಚಪ್ಪಾಳೆ. ಒಬ್ಬರೂ ಕದಲಲಿಲ್ಲ, ಎಲ್ಲರೂ ಕೆನ್ನೆ ಕೊಟ್ಟರು.

ಕಾರಿನಲ್ಲಿ ಸುಪ್ರಿಯಾ, "ಸಾರ್, ನಾವು ಬೆನ್ನುಮೂಳೆ ತಗೊಳ್ಳಲ್ಲ ಅಲ್ವಾ?"

"ಅದು ಹೋಲಿಕೆ ಕಣಮ್ಮ."

"ಜನಕ್ಕೆ ಗೊತ್ತಾಗ್ತದಾ?"

"ಯಾಕಾಗಲ್ಲ!"

11 ನವೆಂಬರ್, ಸೋಮವಾರ

ಸಿಕ್ಕಿದ! ಸಿಕ್ಕಿದ! ಪಕ್ಕದ ಮನೆಯವರು ಏನಾಯ್ತೆಂದು ಓಡಿ ಬಂದರು.

ಹೆಸರು ದುರ್ಗೇಶ್. ಇಪ್ಪತ್ತಾರು. ಹೊಸನಗರದ ಕಡೆ ಲೈನ್‌ಮ್ಯಾನ್. ತೀರ್ಥಹಳ್ಳಿಗೆ ನೆಂಟರ ಮನೆಗೆ ಬಂದವನು ಅಂದು ಕೆನ್ನೆ ಕೊಟ್ಟು ಹೋಗಿದ್ದ. ಸ್ಟೆಮ್ ಸೆಲ್ ಬೇಕಾದದ್ದು ದೇಶದಲ್ಲೆಲ್ಲೋ ಇರುವ ಒಬ್ಬ ಹೆಂಗಸಿಗೆ, ಮೂವತ್ತೊಂದು ವರ್ಷ. ಅವಳ ಹೆಸರು ನನಗೂ ಗೊತ್ತಿಲ್ಲ. ಒಡಹುಟ್ಟಿದವರದು ಹೊಂದಲಿಲ್ಲ. ಇಡೀ ರಿಜಿಸ್ಟ್ರಿಯಲ್ಲಿ ಹೊಂದಿದವನು ಇವನೊಬ್ಬನೇ.

ಮೂವತ್ತು ವರ್ಷ ಲ್ಯಾಬಿನಲ್ಲಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆ — ಮೂಳೆಗೆ ಸೂಜಿ ಹಾಕದೆ, ಒಳಗಿನ ಆ ಕೋಶಗಳನ್ನು ರಕ್ತಕ್ಕೆ ಹೊರಡಿಸುವುದು ಹೇಗೆ? ಎಷ್ಟು ಇಲಿಗಳು, ಎಷ್ಟು ಕೆಟ್ಟ ಪ್ರಯೋಗಗಳು. ಜಗತ್ತಿನ ಆ ದೊಡ್ಡ ಮೇಳದಲ್ಲಿ ನನ್ನದು ಮೂಲೆಯಲ್ಲಿ ನಿಲ್ಲುವ ಪಾತ್ರ, ಆದರೂ ಬಣ್ಣ ಹಚ್ಚಿದ್ದೆ! ಈಗ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟರೆ ಅವು ತಾವಾಗಿ ರಕ್ತಕ್ಕೆ ಇಳಿಯುತ್ತವೆ. ಒಂದು ತೋಳಿನಿಂದ ರಕ್ತ ಮೆಷಿನ್ನಿಗೆ, ಬೇಕಾದ್ದನ್ನು ಸೋಸಿಕೊಂಡು ಉಳಿದದ್ದು ಇನ್ನೊಂದು ತೋಳಿಗೆ. ಮೂಳೆ ಮುಟ್ಟುವುದೇ ಇಲ್ಲ.

20 ನವೆಂಬರ್

ದುರ್ಗೇಶನ ಫೋನ್.

"ಬೇಡ ಸಾರ್. ಅಜ್ಜಿ ಒಪ್ಪಲ್ಲ. ನಂಗೂ ಹೆದ್ರಿಕೆ. ನನ್ ಕೆಲ್ಸನೇ ಕಂಬ ಹತ್ತದು. ಬೆನ್ನುಮೂಳೆ ಕೊಟ್ಟು ಹತ್ತದು ಹೆಂಗೆ?"

"ಬೆನ್ನುಮೂಳೆ ಯಾರಪ್ಪ ಕೇಳಿದ್ದು?"

"ನೀವೇ! ವಿಡಿಯೋ ಐತಲ!"

ಕಳಿಸಿದ. ನೋಡಿದೆ. ನಾನು ಬೀಳುವಲ್ಲಿಗೆ ವಿಡಿಯೋ ಮುಗಿಯುತ್ತದೆ. ಅಭಿನಯ ಚೆನ್ನಾಗಿಯೇ ಇದೆ, ಅದೇ ಸಂಕಟ. ಮೂಳೆ ಮುಟ್ಟದ ದಾರಿಗೆ ಮೂವತ್ತು ವರ್ಷ ಸವೆಸಿದವನು, ಮೈಕ್ ಸಿಕ್ಕಿದ ಕೂಡಲೇ ಮೂಳೆಯನ್ನೇ ಹಿಡಿದು ಕುಣಿದಿದ್ದೇನೆ.

ಅವನು ಬೇಡವೆಂದರೆ ಬೇಡ. ಬಲವಂತಕ್ಕೆ ಯಾರಿಗೂ ಹಕ್ಕಿಲ್ಲ. ಆದರೆ ಈ ಹೆದರಿಕೆ ಅವನದಲ್ಲ, ನಾನು ಹಂಚಿದ್ದು... ಕೇಳಿದೆ, "ಮನೆಗೆ ಬರ್ಲಾ? ಒಪ್ಸಕ್ಕಲ್ಲ. ಹೇಳಿದ್ದನ್ನ ತಿದ್ದಕ್ಕೆ."

"ಬನ್ನಿ. ಅಜ್ಜಿ ಸುಮ್ನೆ ಬಿಡಲ್ಲ ಮತ್ತೆ."

24 ನವೆಂಬರ್, ಭಾನುವಾರ

ಸುಪ್ರಿಯಾಳನ್ನೂ ಕರೆದುಕೊಂಡು ಹೋದೆ. ಅಜ್ಜಿಯ ಹೆಸರು ಕನ್ನಮ್ಮ. ಎಂಬತ್ತರ ಹತ್ತಿರ. ಜಗುಲಿಯಲ್ಲಿ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ —

"ನೀನೇ ಅಲ್ದನಾ ಸತ್ತಿದ್ದು?"

"ಹೌದಮ್ಮ, ನಾನೇ."

"ಎದ್ದಿದ್ದು ಯಾವಾಗ?"

"ಊಟಕ್ಕೆ ಕರೆದಾಗ."

ಸುಪ್ರಿಯಾ ಕೆಮ್ಮಿದಳು. ಅಜ್ಜಿ ನಗಲಿಲ್ಲ.

"ನಮ್ಮೂರಲ್ಲೂ ನಾಟ್ಕ ಆಡ್ತಾರೆ ತಮ್ಮಾ. ರಾವಣ ಸಾಯ್ಲಿ, ಕಂಸ ಸಾಯ್ಲಿ, ಮಂಗಳ ಹಾಡಾಗ ಎದ್ದು ಬಂದು ಸಾಲಲ್ಲಿ ನಿಲ್ತಾನೆ. ಅವ್ನ ಮುಖ ನೋಡ್ಕಂಡೇ ನಾವು ಮನೆಗೆ ಹೋಗದು. ನೀನು ಸತ್ತೆ, ಮಂಗಳ ಇಲ್ಲ ಎಂತ ಇಲ್ಲ. ಅದೇ ಬಾಯಲ್ಲಿ ನನ್ ಮೊಮ್ಮಗನ್ನ ಕರೀತೀಯ. ಕಳ್ಸದು ಹೆಂಗೆ?"

ಅಪ್ಪ ಬದುಕಿದ್ದರೆ ಬೆತ್ತ ತೆಗೆಯುತ್ತಿದ್ದರು. ನಾಟಕದವರ ಮನೆಯಲ್ಲಿ ಹುಟ್ಟಿ, ಮಂಗಳವಿಲ್ಲದೆ ಆಟ ಮುಗಿಸಿದ್ದೇನೆ!

ಇನ್ನೇನು? ಅಂಗಳಕ್ಕಿಳಿದೆ. ಋಷಿಯ ಮಾತು ಮತ್ತೆ ಹೇಳಿದೆ, ಮತ್ತೆ ಬಿದ್ದೆ. ನಾಯಿ ಬೊಗಳಿತು. ಬೇಲಿಯಾಚೆ ನಾಲ್ಕು ತಲೆ ಎದ್ದವು. "ಈಗ ಏಳು" ಎಂದರು ಅಜ್ಜಿ. ಏಳಬೇಕು — ಮಂಡಿ ಕೇಳಬೇಕಲ್ಲ! ದುರ್ಗೇಶ್ ಓಡಿ ಬಂದು ಕೈ ಕೊಟ್ಟ. ಎದ್ದು ಕೈಮುಗಿದೆ. ಕನ್ನಮ್ಮ ಕೂತಲ್ಲೇ ನಡುಗುವ ದನಿಯಲ್ಲಿ ಮಂಗಳ ಹಾಡಿದರು. ಪೂರ್ತಿ ಹಾಡಿದರು.

ಆಮೇಲೆ, "ಹ್ಞೂ. ಈಗ ವೇಷ ಬಿಚ್ಚಿಟ್ಟು ಮಾತಾಡು."

ಹೇಳಿದೆ. ಸಣ್ಣ ದನಿಯಲ್ಲಿ. ಎಷ್ಟು ಕಷ್ಟ! ಇಂಜೆಕ್ಷನ್, ತೋಳು, ಮೆಷಿನ್. ತೆಗೆದದ್ದು ಕೆಲವು ವಾರದಲ್ಲಿ ಮೈಯಲ್ಲಿ ಮತ್ತೆ ಬೆಳೆಯುತ್ತದೆ ಎಂದೆ.

"ಉಗುರು ಬೆಳ್ದಂಗಾ?"

"ಹಾಗೇ ಅಮ್ಮ."

"ನೋವು?"

ಸುಪ್ರಿಯಾ ನನ್ನನ್ನು ನೋಡಿದಳು. ಹೇಳಿದೆ — "ಬರ್ತದೆ. ಇಂಜೆಕ್ಷನ್ ಶುರುವಾದ ಎರಡು ಮೂರನೇ ದಿನ ಬೆನ್ನು, ಸೊಂಟ ನೋಯ್ತದೆ. ಜ್ವರದಲ್ಲಿ ಮೈಕೈ ನೋಯ್ತದಲ್ಲ, ಹಾಗೆ. ಮಾತ್ರೆ ಕೊಡ್ತೀವಿ. ಎಲ್ಲ ಮುಗಿದ ಮೇಲೆ ಹೋಗ್ತದೆ."

ಬೆನ್ನು ಎಂಬ ಮಾತು ನನ್ನ ಬಾಯಿಂದಲೇ ಇನ್ನೊಮ್ಮೆ!

ದುರ್ಗೇಶ್ ಮೊದಲು ಮಾತಾಡಿದ. "ಕೊಡ್ತೀನಿ ಸಾರ್."

ಅಜ್ಜಿ, "ನೋಡಾಣ."

10 ಡಿಸೆಂಬರ್

ದುರ್ಗೇಶನ ತಪಾಸಣೆ ಮುಗಿದಿದೆ. ಎಲ್ಲ ಸರಿ. ಸಹಿ ಹಾಕಿದ. ಇವತ್ತು ಅತ್ತ ಆ ಹೆಂಗಸಿಗೆ ದೊಡ್ಡ ಕಿಮೊ ಶುರು. ಅವಳ ಹಳೆಯ ಮಜ್ಜೆಯನ್ನು ಪೂರ್ತಿ ಸುಡುತ್ತಾರೆ. ಇನ್ನು ಅವಳ ಮೈಯಲ್ಲಿ ಸ್ವಂತ ರಕ್ತ ಹುಟ್ಟುವುದಿಲ್ಲ. ಈಗ ಇವನು ಹಿಂದೆ ಸರಿದರೆ ಅವಳು ಉಳಿಯುವುದಿಲ್ಲ. ಅದನ್ನೂ ಇವನಿಗೆ ಮೊದಲೇ ಹೇಳಿದ್ದೇವೆ.

ಉಣ್ಣಲು ಮನಸ್ಸಿಲ್ಲ. ನನಗೇ ಆಶ್ಚರ್ಯ.

14 ಡಿಸೆಂಬರ್, ಶನಿವಾರ. ಮಧ್ಯಾಹ್ನ

ಇವತ್ತು ದುರ್ಗೇಶನಿಗೆ ಅವನ ಊರಲ್ಲೇ ಮೂರನೇ ಇಂಜೆಕ್ಷನ್. ಹನ್ನೊಂದಕ್ಕೆ ಫೋನ್. ದುರ್ಗೇಶನ ನಂಬರ್, ಕನ್ನಮ್ಮನ ದನಿ.

"ತಮ್ಮಾ, ಹುಡುಗ್ನಿಗೆ ಬೆನ್ನು ನೋವು. ರಾತ್ರಿಯಿಡೀ ಮಗ್ಲು ಬದಲ್ಸಿದ."

ಕಣ್ಣ ಮುಂದೆ ಎಲ್ಲೋ ಒಂದು ಆಸ್ಪತ್ರೆ, ಗಾಜಿನ ಬಾಗಿಲು, ತಲೆಕೂದಲಿಲ್ಲದ ಒಂದು ಮುಖ. ಬಾಯಿ ತೆರೆದೆ — ದನಿಯೇ ಬರಲಿಲ್ಲ. ಅರವತ್ತೆರಡು ವರ್ಷದಲ್ಲಿ ಮೊದಲ ಸಲ!

"ಅಮ್ಮಾ... ಮಾತ್ರೆ..."

"ಕೊಟ್ಟೆ. ಈಗ ಗಂಜಿ ಉಣ್ತಾ ಕೂತಾನೆ. ಅಲ್ದೇ, ನೀ ಹೇಳ್ದಂಗೇ ಬಂತಲ ನೋವು."

"ಹೌದಮ್ಮ."

"ಹಂಗಾರೆ ಉಳ್ದಿದ್ದೂ ನೀ ಹೇಳ್ದಂಗೇ ಆಗ್ತೈತೆ ಬಿಡು. ನೋವೇ ಬರ್ದಿದ್ರೆ ನಿನ್ ಮಾತು ನಂಬ್ತಿರ್ಲಿಲ್ಲ ನಾನು. ಆಸ್ಪತ್ರೆಗೆ ನಾನೂ ಬರ್ತೀನಿ. ಗಾಡಿಲಿ ಜಾಗ ಐತಾ?"

ಜಾಗ? ತಾಯೇ, ಸಿಂಹಾಸನ ಇದೆ!

15 ಡಿಸೆಂಬರ್. ಘಟ್ಟದ ಕೆಳಗೆ, ಆಸ್ಪತ್ರೆ ಪಕ್ಕದ ಲಾಡ್ಜ್, ಸಂಜೆ

ತಿರುವಿನಲ್ಲೆಲ್ಲ ನನಗೆ ವಾಂತಿ. ಅಜ್ಜಿ ನನಗೆ ನಿಂಬೆಹಣ್ಣು ಮೂಸಿಸಿದರು. ದುರ್ಗೇಶ್ ಆರಾಮ. ರಕ್ತದಲ್ಲಿ ಕೋಶಗಳ ಎಣಿಕೆ ಚೆನ್ನಾಗಿದೆ ಎಂದರು ಇಲ್ಲಿಯ ಡಾಕ್ಟರು.

ನಾಳೆ ಬೆಳಗ್ಗೆ ಕೊನೆಯ ಇಂಜೆಕ್ಷನ್, ಆಮೇಲೆ ಮೆಷಿನ್. ನಾಲ್ಕೈದು ಗಂಟೆ ತೋಳು ಆಡಿಸುವಂತಿಲ್ಲ.

"ಅಷ್ಟ್ ಹೊತ್ತು ಎಂತ ಮಾಡದು ಸಾರ್? ಒಂದು ಕತೆ ಹೇಳಿ. ಯಾರೂ ಸಾಯ್ದೇ ಇರದು" ಎಂದ ದುರ್ಗೇಶ್.

ಸಂಜೆಯಿಂದ ಯೋಚಿಸುತ್ತಿದ್ದೇನೆ. ಬಾಯಿಪಾಠ ಇರುವ ನಾಟಕದಲ್ಲೆಲ್ಲ ಯಾರಾದರೊಬ್ಬರು ಸಾಯುತ್ತಾರೆ. ಇನ್ನು ಹೊಸದೇ ಕಟ್ಟಬೇಕು. ನಾಳೆ ಬೆಳಗ್ಗೆ ಮೆಷಿನ್ ಶುರುವಾದ ಕೂಡಲೇ ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂರುತ್ತೇನೆ, ಮೆತ್ತಗೆ ಶುರು ಮಾಡುತ್ತೇನೆ — ಒಂದು ಊರು. ಗಾಳಿಗೆ ಕರೆಂಟ್ ಹೋಗಿದೆ. ಒಬ್ಬ ಲೈನ್‌ಮ್ಯಾನ್ ಕಂಬ ಹತ್ತಿದ್ದಾನೆ. ತಂತಿ ಜೋಡಿಸಿದ. ಮೇಲಿಂದ ನೋಡುತ್ತಾನೆ — ದೂರದಲ್ಲಿ, ಯಾರದೋ ಏನೋ ಗೊತ್ತಿಲ್ಲದ ಒಂದು ಮನೆಯಲ್ಲಿ —