ಬುಧವಾರದ ಟೀಚರ್

ಜೂನ್ ೧೮, ಮಂಗಳವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ನೆನಪುಗಳು. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಅಂಗಡಿಯಲ್ಲಿ ಸಮವಸ್ತ್ರಗಳ ಹೊಲಿಗೆ ತಲೆಯ ಮೇಲೆ ಕೂತಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ, ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ಕ್ಷಮಿಸು.

ನಿನ್ನ ಮರಿಗೆ ಆಟಿಸಂ ಎಂದು ಡಾಕ್ಟರು ಹೇಳಿದ್ದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀಯ. ಓದಿ, ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂತುಬಿಟ್ಟೆ. "ಆನ್‌ಲೈನಲ್ಲಿ ಏನು ಕಲಿಸ್ತಾರಕ್ಕಾ? ಅವನು ಫೋನ್ ಕಡೆ ನೋಡೋದೂ ಇಲ್ಲ" ಎಂದು ಕೇಳಿದ್ದೀಯ. ನನಗೂ ಅದೇ ಅನುಮಾನವಿತ್ತು. ಇಂಥ ಮಕ್ಕಳ ಟೀಚರ್ ವೀಡಿಯೊ ಕರೆಯಲ್ಲಿ ಬಂದ ಮೊದಲ ಬುಧವಾರ, ನನ್ನ ಮಗಳು ಬುಗುರಿ, ಫೋನನ್ನೇ ಮಂಚದ ಕೆಳಗೆ ಎಸೆದಳು. ಟೀಚರ್ ಅಲ್ಲಿಂದಲೇ, "ಪರವಾಗಿಲ್ಲ ಬಿಡಿ, ಕ್ಲಾಸು ಅವಳಿಗಲ್ಲ, ನಿಮಗೆ" ಎಂದರು. ಮಂಚದ ಕೆಳಗಿನಿಂದ ಪಾಠ ಹೇಳಿಸಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಅವರು ಹೇಳಿದ್ದು ದೊಡ್ಡದೇನಲ್ಲ. ಮಗುವನ್ನು ನಿಮ್ಮ ಆಟಕ್ಕೆ ಎಳೆಯಬೇಡಿ, ಅವಳ ಆಟದ ಪಕ್ಕ ಕೂತುಕೊಳ್ಳಿ. ಅವಳು ಅಂಗಿಯ ಗುಂಡಿಗಳನ್ನು ಸಾಲಾಗಿ ಇಟ್ಟರೆ ನೀವೂ ಇಡಿ. ಗದ್ದ ಹಿಡಿದೆತ್ತಿ ಕಣ್ಣು ಹುಡುಕಬೇಡಿ. "ಇದಕ್ಕೆ ಟೀಚರ್ ಬೇರೆ ಬೇಕಾ?" ಎಂದ ನಿನ್ನ ಭಾವ, ಹತ್ತು ನಿಮಿಷ ಕೂರಲಾರದೆ ಎದ್ದು ಹೋದರು. ನಾನು ಕೂತೆ. ಮೂರನೆಯ ತಿಂಗಳು ಬುಗುರಿ ತನ್ನ ಸಾಲಿನಿಂದ ಒಂದು ಗುಂಡಿ ತೆಗೆದು ನನ್ನ ಕಡೆಗೆ ತಳ್ಳಿದಳು. ಮಾತು ಇನ್ನೂ ಬಂದಿಲ್ಲ. ಬಂದೇ ಬರುತ್ತದೆ ಎಂದು ಟೀಚರೂ ಮಾತು ಕೊಟ್ಟಿಲ್ಲ.

ಶುಕ್ರವಾರ ಅಪ್ಪ-ಅಮ್ಮಂದಿರೇ ಸೇರುವ ಅರ್ಧ ಗಂಟೆ ಇರುತ್ತದೆ. ಬಸ್ ಓಡಿಸುವವರೊಬ್ಬರು ನಿಲ್ಲಿಸಿದ ಬಸ್ಸಿನಿಂದಲೇ ಬರುತ್ತಾರೆ. ಒಮ್ಮೆ ಅವರು, "ಮಗಳು ಕಚ್ತಾಳೆ ಅಂತ ಯಾರ ಹತ್ರ ಹೇಳ್ಲಿ?" ಎಂದು ಅತ್ತರು. ಆಮೇಲೆ ಒಬ್ಬೊಬ್ಬರಾಗಿ ತೋಳು ಮಡಚಿ ನಮ್ಮ ನಮ್ಮ ಗಾಯಗಳನ್ನು ಕ್ಯಾಮೆರಾಗೆ ತೋರಿಸಿದೆವು.

ನಿನ್ನ ಹೆಸರು ಬರೆಸಿದ್ದೇನೆ. ಬರುವ ವಾರ, ಬುಧವಾರ ಹತ್ತು ಗಂಟೆಗೆ ಟೀಚರ್ ಕರೆ ಮಾಡುತ್ತಾರೆ. ನೆಲದ ಮೇಲೆ ಕೂತಿರು. ನಿನ್ನತ್ತೆಯವರು ಏನೇ ಅಂದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು.

ಮರಿಗೆ ನನ್ನ ಮುತ್ತು. ಮುಟ್ಟಿಸಿಕೊಳ್ಳದಿದ್ದರೆ ದೂರದಿಂದಲೇ ಕೊಡು. ನಿನ್ನ ಕಣ್ಣಿಗೆ ನಿದ್ದೆ ಬರಲಿ, ಮನಸ್ಸು ಗಟ್ಟಿಯಾಗಲಿ.

ನಿನ್ನ ಅಕ್ಕ

ತಾ.ಕ.: ಇದು ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಹೋದ ವರ್ಷ ನೀನು ಬಂದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕಾ, ಬುಗುರಿ ವಿಷಯದಲ್ಲಿ ನೀನು ಎಲ್ಲಾ ಕಂಡವಳು. ಇವನೂ ಹಾಗೇನಾ?" ಎಂದು ಕೇಳಿದ್ದೆ. ಎಷ್ಟು ಕರೆದರೂ ತಿರುಗದ ಮರಿಯನ್ನು ನಾನು ಬೆಳಗಿನಿಂದ ನೋಡುತ್ತಲೇ ಇದ್ದೆ. ನನಗೆ ಗೊತ್ತಾಗಿತ್ತು. "ಗಂಡುಮಕ್ಕಳಿಗೆ ಮಾತು ತಡ, ಸುಮ್ನಿರೇ" ಎಂದೆ. ನಿನಗೆ ನೋವಾಗಬಾರದೆಂದು ಅಲ್ಲ ಪುಟ್ಟಿ. ಇನ್ನು ನಾನೊಬ್ಬಳೇ ಅಲ್ಲ ಎಂದು ಒಳಗೊಳಗೇ ಸಮಾಧಾನವಾಗಿತ್ತು. ಅದಕ್ಕೆ ನಾಚಿ ಹದಿಮೂರು ತಿಂಗಳು ಬಾಯಿ ಬಿಡಲಿಲ್ಲ. "ಇಷ್ಟು ದಿನ ಯಾರೂ ಹೇಳ್ಲಿಲ್ವಾ?" ಎಂದು ಟೀಚರ್ ಕೇಳಿಯೇ ಕೇಳುತ್ತಾರೆ. ಅಕ್ಕನಿಗೆ ಗೊತ್ತಿತ್ತು ಎಂದು ಹೇಳು.