ಸತ್ತ ಹುಳು ತಲೆ ಮೇಲೆ ಕೂತಿತ್ತು

ಸೋಮವಾರ, ಮಾರ್ಚ್ ೧೪

"ನಿಮ್ಮ ಕಂಪ್ಯೂಟರ್ ಪ್ರಕಾರ ಈ ಹುಳು ಸತ್ತಿದೆ. ನೋಡಿ, ನಿಮ್ಮ ತಲೆ ಮೇಲೇ ಕೂತಿದೆ!" ಎಂದು ಚಿಟ್ಟೆಮನೆ ನೋಡಿಕೊಳ್ಳುವ ಅಕ್ಕ ಇವತ್ತು ನನ್ನ ಮೇಲೆ ಹರಿಹಾಯ್ದರು.

ಚಿಟ್ಟೆಮನೆಯ ಲೆಕ್ಕ ಇಡುವ ಪ್ರೋಗ್ರಾಂ ಬರೆಯುವಾಗ ಹುಳುವನ್ನೇ ಬೇರೆ, ಚಿಟ್ಟೆಯನ್ನೇ ಬೇರೆ ಜಾತಿ ಎಂದು ಎಣಿಸಿ, ಒಂದೊಂದಕ್ಕೂ ಬೇರೆ ಟೇಬಲ್ ಮಾಡಿದ್ದೆ. ರೆಕ್ಕೆ ಬಂದ ಕೂಡಲೇ ಪ್ರೋಗ್ರಾಂ ಹುಳುವಿನ ಸಾಲನ್ನು ಅಳಿಸಿ, ಚಿಟ್ಟೆಯದನ್ನು ಹೊಸದಾಗಿ ಬರೆಯುತ್ತದೆ. ಅಳಿಸಿದ್ದೆಲ್ಲ ಸಾವಿನ ಲೆಕ್ಕಕ್ಕೆ.

ಸಂಜೆ ಆ ಎರಡೂ ಟೇಬಲ್‌ಗಳ ಮೇಲೆ 'ಕೀಟ' ಎಂಬ ತಾಯಿ ಟೇಬಲ್ ಇಟ್ಟೆ. ಮೈ ಏನೇ ಆಗಲಿ, ಹುಟ್ಟಿದಾಗ ಕೊಟ್ಟ ನಂಬರ್ ಇನ್ನು ಅಲ್ಲೇ ಇರುತ್ತದೆ. ಅಕ್ಕನಿಗೆ ಸಮಾಧಾನವಾಯಿತು, ನನಗಾಗಲಿಲ್ಲ.

ಗೂಡಿನೊಳಗೆ ಅದು ಹುಳುವೂ ಅಲ್ಲ, ಚಿಟ್ಟೆಯೂ ಅಲ್ಲ, ಬರೀ ರಸವಂತೆ. "ಆಗ ಯಾವ ಟೇಬಲ್ಲಿಗೆ ಹಾಕಲಿ?" ಎಂದು ಅಕ್ಕನನ್ನೇ ಕೇಳಿದೆ.

"ಎಲ್ಲಿಗೂ ಹಾಕಬೇಡಿ. ನಾನಂತೂ ಆಗ ಸುಮ್ನೆ ಕಾಯ್ತೀನಿ."

ಸುಮ್ಮನೆ ಕಾಯುವುದನ್ನು ಪ್ರೋಗ್ರಾಮಿಗೆ ಹೇಗೆ ಕಲಿಸಲಿ? ಮೊದಲು ನನಗೇ ಅದು ಬರಬೇಕಲ್ಲ.