ಬಾವಿಯ ತಳದಲ್ಲಿ ಸೊಸೆಯರ ನಾಣ್ಯ

ಕೌಜಲಗಿ,
ತಾ. ೧೨ ಮೇ ೧೯೩೬

ಚಿ. ಸೌ. ಸಾವಿತ್ರವ್ವಗೆ ನಿನ್ನ ಅತ್ತೆ ಶೆಟ್ಟೆವ್ವ ಮಾಡುವ ಆಶೀರ್ವಾದ.

ತವರೂರು ದಡ್ಡಿಯಲ್ಲಿ ನಿನ್ನ ತಾಯಿ-ತಂದೆ ಆರಾಮ ಇದ್ದಾರೆಯೇ? ನಿನ್ನ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾವು ಕ್ಷೇಮ. ನೀನು ಮೈ ತಿಕ್ಕುತ್ತಿದ್ದ ಕೆಂದಾಕಳು ಹೆಣ್ಣುಗರು ಹಾಕಿದೆ. ಈ ಕಾಗದ ನಾನು ಹೇಳುತ್ತಿದ್ದೇನೆ, ನಿನ್ನ ಗಂಡ ಶಿದ್ಲಿಂಗ ಬರೆಯುತ್ತಿದ್ದಾನೆ. ನೀನು ತವರಿಗೆ ಹೋದ ಮೂರು ತಿಂಗಳಿಂದ ನನ್ನೊಡನೆ ಅವನದು ಎರಡೇ ಮಾತು, ಹೂಂ ಮತ್ತು ಊಹೂಂ. ಇದನ್ನೂ ಬರೆಯೋ ಅಂದರೆ ಮುಖ ಊದಿಸಿಕೊಂಡು ಬರೆದ.

ಈಗ ಸುದ್ದಿ ಕೇಳು. ಈ ಬಿಸಿಲಿಗೆ ನಮ್ಮ ಓಣಿಯ ಬಾವಿ ತಳ ಕಂಡಿತು. ಹೂಳು ತೆಗೆಯಲು ಇಳಿದ ಬಾಜೂ ಮನೆಯ ರಾಚಪ್ಪ ಕೆಳಗಿನಿಂದಲೇ "ನಿಧಿ ಐತ್ರೋ, ನಿಧಿ!" ಎಂದು ಕೂಗಿದ. ಊರೇ ಓಡಿ ಬಂತು. ಕೆಸರಿನ ಬುಟ್ಟಿಗಳಲ್ಲಿ ಮೊದಲು ರಾಜ-ರಾಣಿಯರ ಮುಖದ ನಾಣ್ಯ, ಆಮೇಲೆ ಫಾರ್ಸಿ ಅಕ್ಷರದವು, ತಳದಲ್ಲಿ ಹುಣಸೆಬೀಜದಷ್ಟು ಸಣ್ಣವು; ಒಂದರ ಮೇಲೆ ಹಂದಿಯ ಚಿತ್ರ. ಸಾಲಿ ಮಾಸ್ತರರು ಕನ್ನಡಕ ಏರಿಸಿ, "ಇವು ಏಳ್ನೂರು ಎಂಟ್ನೂರು ವರ್ಷದ್ದಾವ್ರಿ" ಅಂದರು. ಆ ಹಳೆಯವನ್ನು ಗೌಡರು ಗೋಕಾವಿಯ ಮಾಮಲೇದಾರರ ಕಚೇರಿಗೆ ಕಳಿಸಿದರು. "ನಿಧಿ ಎಲ್ಲೀದೋ ರಾಚಪ್ಪಾ, ಇವೆಲ್ಲಾ ಸೊಸ್ತೇರು ಬಿಟ್ಟದ್ದು" ಎಂದೆ ನಾನು. ಹೊಸ ಸೊಸೆ ಮೊದಲ ಕೊಡ ಸೇದುವ ಮುನ್ನ ಬಾವಿಯ ಗಂಗವ್ವನಿಗೆ ನಾಣ್ಯ ಬಿಡುವುದು ಎಷ್ಟು ಕಾಲದಿಂದ ನಡೆದಿದೆಯೋ! ಯಾವ ಊರ ಹುಡುಗಿಯರೋ, ಅವರನ್ನು ಯಾವ ಅತ್ತೆ ಬೈದಳೋ. ಆ ನಾಣ್ಯ ಕೈಯಲ್ಲಿ ಹಿಡಿದಾಗ ನನಗೆ ಅಳು ಬಂತು.

ನಿನ್ನ ರೂಪಾಯಿಯೂ ಸಿಕ್ಕಿತವ್ವ. ಅಂಚಿನಲ್ಲಿ ಬೆಳ್ಳಿ ಪರೀಕ್ಷೆಗೆ ಪತ್ತಾರ ಹೊಡೆದ ಗುರುತಿತ್ತಲ್ಲ, ಅದೇ. ನೀನು ಸೊಸೆಯಾಗಿ ನಡೆಯಲು ಬಂದ ದಿನ ಅದು ನೀರಿಗೆ ಬಿದ್ದ ಸಪ್ಪಳ ನನಗೆ ಕೇಳಿರಲಿಲ್ಲ. ಆ ಸಂಶಯ ಇಟ್ಟುಕೊಂಡು, ಸಿಟ್ಟು ಬಂದಾಗ ನಾಲ್ಕು ಹೆಂಗಸರ ಮುಂದೆ "ಗಂಗವ್ವನ ರೂಪಾಯಿ ಸೆರಗಿನ್ಯಾಗ ಕಟ್ಕೊಂಡಾಳ" ಅಂದುಬಿಟ್ಟೆ. ನೀನು ಬಟ್ಟೆಯ ಗಂಟು ಕಟ್ಟಿಕೊಂಡು ತವರಿಗೆ ಹೋದೆ. ಆ ನಾಲ್ವರನ್ನೂ ಕರೆದು ರೂಪಾಯಿ ತೋರಿಸಿದ್ದೇನೆ. ತಪ್ಪು ನನ್ನದು. ಬಾವಿಯಲ್ಲಿ ಹೊಸ ಸೆಲೆ ಒಡೆದು ಮೊಣಕಾಲುದ್ದ ನೀರು ನಿಂತಿದೆ. ನಿನ್ನ ರೂಪಾಯಿಯನ್ನು ಮತ್ತೆ ಅಲ್ಲಿಯೇ ಬಿಟ್ಟೆವು.

ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ. ಬೀಗರಿಗೆ ನನ್ನ ಶರಣು ಹೇಳು.

ನಿನ್ನ ಅತ್ತೆ,
ಶೆಟ್ಟೆವ್ವ

ತಾ. ಕ.: ಶಿದ್ಲಿಂಗ ಎತ್ತಿಗೆ ನೀರು ಕುಡಿಸಲು ಹೋದ. ಅಪ್ಪ ಕಲಿಸಿದ ನಾಲ್ಕಕ್ಷರದಲ್ಲಿ ಇದನ್ನು ನಾನೇ ಗೀಚುತ್ತಿದ್ದೇನೆ. ಬಾವಿಯಲ್ಲಿ ನನ್ನ ರೂಪಾಯಿ ಸಿಗಲಿಲ್ಲ. ಸಿಗುವುದೂ ಇಲ್ಲ, ಮೂವತ್ತೈದು ವರ್ಷದಿಂದ ಅದು ನನ್ನ ಸಂದೂಕದಲ್ಲಿದೆ. ಸೊಸೆಯಾಗಿ ಬರುವವರೆಗೆ ರೂಪಾಯಿ ಕೈಯಲ್ಲಿ ಹಿಡಿದವಳಲ್ಲ ನಾನು, ಬಿಡಲು ಮನಸ್ಸಾಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅದಕ್ಕೇ ನಿನ್ನ ಮೇಲೆ ಸಂಶಯ ಬಂತು. ಇದು ಯಾರಿಗೂ ಗೊತ್ತಿಲ್ಲ. ಎಲ್ಲರ ಎದುರಿಗೇ ಬಿಡಬೇಕೆಂದಿದ್ದೇನೆ, ಆದರೆ ಒಬ್ಬಳೇ ಬಾವಿಗೆ ಹೋಗಲು ಧೈರ್ಯ ಬರುತ್ತಿಲ್ಲ. ನೀನು ಬಾ.